ಚರಗದ ಕೂಗು

ನಮ್ಮ ವಿಶ್ವವಿದ್ಯಾಲಯದ ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿ ಅಡುಗೆ ಮಾಡುತ್ತಿದ್ದವರನ್ನು ಎಲ್ಲರೂ ಕಾಕೂ ಎನ್ನುತ್ತಿದ್ದೆವು. ಮಸಗುಪ್ಪಿ ಊರಿನವರು. ಯಾರು ಯಾವ ತಕರಾರು ತಂದರೂ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸುತ್ತಾ ಒಂದೇ ಮಾತು: "ಮೊದಲ ಉಣ್ಣವಾ, ಆಮ್ಯಾಲ ಹೇಳುವಂತಿ." ನನಗದು ಸಿಟ್ಟು ತರಿಸುತ್ತಿತ್ತು. ಎಲ್ಲ ದುಃಖಕ್ಕೂ ರೊಟ್ಟಿಯೇ ಮದ್ದೇ?

ಶೀಗಿ ಹುಣ್ಣಿಮೆಗೆ ರೈತರು ಬೆಳೆದು ನಿಂತ ಹೊಲಕ್ಕೆ ಅನ್ನ ಚೆಲ್ಲಿ ಭೂಮಿತಾಯಿಗೆ ಉಣಿಸುತ್ತಾರೆ. ಅದೇ ಚರಗ. ಕಾಕೂ ಅದನ್ನು ಕ್ಯಾಂಪಸ್ಸಿನಲ್ಲೇ ಚೆಲ್ಲುತ್ತಿದ್ದರು.

"ಇಲ್ಲಿ ಬೆಳಿ ಎಲ್ಲೈತ್ರಿ ಕಾಕೂ?" ಎಂದರೆ, "ನೀವ ಬೆಳಿಯಾಕತ್ತಿಲ್ಲೇನ?" ಎನ್ನುತ್ತಿದ್ದರು.

ಒಂದು ವರ್ಷ ಹುಣ್ಣಿಮೆಯ ಮುಂಜಾನೆಯೇ ಫಲಿತಾಂಶ ಬಂತು. ನನ್ನ ಕೋಣೆಯ ಗೆಳತಿ, ಯಮಕನಮರಡಿಯ ರೈತರ ಮಗಳು, ನಪಾಸಾಗಿದ್ದಳು. ಫೋನನ್ನು ಮಂಚದ ಮೇಲೆ ಬಿಟ್ಟು ಎಲ್ಲಿಗೋ ಹೋಗಿಬಿಟ್ಟಳು. ಮಧ್ಯಾಹ್ನದವರೆಗೆ ಹುಡುಕಿದೆವು. ಹಾಸ್ಟೆಲ್ಲಿನ ಹಿಂದಿದ್ದ ಬಾವಿಗೆ ಇಣುಕಲು ಮಾತ್ರ ಯಾರಿಗೂ ಧೈರ್ಯವಿರಲಿಲ್ಲ.

ಕಾಕೂ ಚರಗದ ಬುಟ್ಟಿ ಎತ್ತಿಕೊಂಡರು. ಇಂಥ ಹೊತ್ತಿನಲ್ಲೂ ಹಬ್ಬವೇ ಎಂದು ನಾನು ರೇಗಿದೆ. ಅವರು ಬೇಲಿಗುಂಟ ನಡೆಯುತ್ತಾ ಅನ್ನ ಚೆಲ್ಲಿ "ಹುಲ್ಲುಲ್ಲಿಗೋ!" ಎಂದು ಕೂಗಿದರು. ಒಬ್ಬರು ಹಾಗೆ ಕೂಗಿದರೆ ಇನ್ನೊಬ್ಬರು "ಚಲ್ಲಾಂಬ್ರಿಗೋ" ಎಂದು ಓಗೊಡಬೇಕು. ಒಕ್ಕಲುತನದ ಮನೆಯವರಿಗೆ ಅದು ಚಿಕ್ಕಂದಿನ ರೂಢಿ. ಕಾಕೂ ಮತ್ತೆ ಕೂಗಿದರು, ಇನ್ನೂ ಜೋರಾಗಿ.

ಹಳೆಯ ನೀರಿನ ಟಾಕಿಯ ಹಿಂದಿನಿಂದ, ಅತ್ತು ಗೊಗ್ಗರಾದ ದನಿಯೊಂದು ತಡೆಯಲಾರದೆ ಓಗೊಟ್ಟಿತು: "ಚಲ್ಲಾಂಬ್ರಿಗೋ..."

ಹೋದ ಜೀವ ಬಂದಂತಾಗಿ ನಾವು ಓಡಿದೆವು. ಕಾಕೂ ಓಡಲಿಲ್ಲ. ನಿಧಾನವಾಗಿ ಬಂದು, ಬುಟ್ಟಿ ಇಳಿಸಿ, ಕಡುಬು ಮುರಿದು ಅವಳ ಬಾಯಿಗಿಟ್ಟರು.

"ಮೊದಲ ಉಣ್ಣವಾ. ಆಮ್ಯಾಲ ಅಳುವಂತಿ."