ರುದ್ರಮೂರ್ತಿಯವರ ಬೈಕಿಗೆ ಮೊದಲು ಏನು?

ಕಡೂರಿನ ರುದ್ರಮೂರ್ತಿಯವರನ್ನು ನಾನು ಬಹಳ ದಿನ ಬೈಕ್ ಮೆಕ್ಯಾನಿಕ್ ಎಂದೇ ತಿಳಿದಿದ್ದೆ, ಏಕೆಂದರೆ ಕೈಯಲ್ಲಿ ಸದಾ ಸ್ಪ್ಯಾನರ್, ಬಾಯಲ್ಲಿ ಸದಾ ಸೈಲೆನ್ಸರ್ ಮಾತು. ನೋಡಿದರೆ ಅವರದು ಕೊಬ್ಬರಿ ವ್ಯಾಪಾರ. ತಾವು ಕೊಂಡ ಹೊಸ ಕ್ರೂಸರ್ ಬೈಕಿಗೆ ಮೊದಲು ಏನು ಹಾಕಿಸಬೇಕೆಂಬುದು ಅವರಿಗೆ ಮಠಕ್ಕೆ ಮರಿಸ್ವಾಮಿಯನ್ನು ಆರಿಸುವಷ್ಟು ಗಂಭೀರ ವಿಷಯ. ಕೊಬ್ಬರಿ ತೂಗುತ್ತಲೇ, "ಮೊದ್ಲು ಸೀಟು ಕಣ್ರೀ, ಸೊಂಟ ಉಳಿದ್ರೆ ತಾನೇ ಸವಾರಿ" ಎನ್ನುವರು. ತರೀಕೆರೆಗೆ ಹೋಗಿ ಬಂದರೆ ಸೀಟು ಹಿಂದೆ ಬಿದ್ದು ಸೈಲೆನ್ಸರ್ ಮುಂದಾಗುತ್ತಿತ್ತು; ಅಜ್ಜಂಪುರದ ದಾರಿಯಲ್ಲಿ ಎದುರುಗಾಳಿ ಬಡಿದರೆ ಮುಂದಿನ ಗಾಜು. "ಅವಸರ ಮಾಡಿದ್ರೆ ಗಾಡಿ ಮುನಿಸ್ಕೊಳ್ಳುತ್ತೆ" ಎಂದು ನಮಗೇ ಬುದ್ಧಿ ಬೇರೆ. ಕೊನೆಗೂ ಮೊನ್ನೆ ಹಾಕಿಸಿದ್ದನ್ನು ನೋಡಿ ನಾನು ದಂಗಾಗಿ ನಿಂತೆ: ಥಳಥಳಿಸುವ ಆ ಬೈಕಿಗೆ ಲಾರಿಯದೊಂದು ಅಗಲವಾದ ಕನ್ನಡಿ, ಅದೂ ರಸ್ತೆಯತ್ತ ಅಲ್ಲ, ಹಿಂದಿನ ಸೀಟಿನತ್ತ ತಿರುಗಿದ್ದು. ಆ ಸೀಟಿನಲ್ಲಿದ್ದ ಅವರ ಹೆಂಡತಿ ಸೌಮ್ಯ ಹುಟ್ಟಿನಿಂದ ಮಾತು ಬಾರದವರು. ಕೈಸನ್ನೆಯಲ್ಲಿ ಏನೋ ಹೇಳಿದರು. ರುದ್ರಮೂರ್ತಿ ತಿರುಗದೆ, ಕನ್ನಡಿಯಲ್ಲೇ ನೋಡಿ ನಕ್ಕರು. "ಹಂಗಾದ್ರೆ ಹಿಂದೆ ಬರೋ ಲಾರಿ ಗತಿ ಏನ್ರೀ?" ಎಂದೆ. "ಲಾರಿಯೋನು ಹಾರ್ನ್ ಮಾಡ್ತಾನೆ ಕಣ್ರೀ. ಇವಳ ಮಾತು ನೋಡಿದ್ರೆ ತಾನೇ ಕೇಳ್ಸೋದು."