ಸ್ವೆಟರಿನ ತೂಕ

ಬೀದಿಯ ಮಕ್ಕಳಿಗೆಲ್ಲ ಅವಳು ತಕ್ಕಡಿ ಅಕ್ಕ. ಹನ್ನೆರಡು ವರ್ಷಗಳಿಂದ ಹೆಗಲಿಗೆ ತೂಕದ ಯಂತ್ರ ನೇತುಹಾಕಿಕೊಂಡು, ಸೊರಗಿದ ಮಕ್ಕಳಿಗೆ ಮನೆಮನೆಯಲ್ಲೇ ಶುಶ್ರೂಷೆ ಮಾಡುತ್ತ ತಿರುಗುವ ನರ್ಸು. ಕಾಲಿಗೆ ಚಕ್ರ ಕಟ್ಟಿಕೊಂಡ ಹೆಂಗಸು. ಅವಳು ಕೂತು ನೀರು ಕುಡಿದದ್ದನ್ನು ಕಂಡವರಿಲ್ಲ.

ಆ ದಿನ ಮೂರನೇ ಮಹಡಿಯ ಮನೆಯಿಂದ ಮಾತ್ರ ಅವಳಿಗೆ ಕಾಲು ಕೀಳಲಾಗಲಿಲ್ಲ. ಒಂದೂವರೆ ವರ್ಷದ ಪುಟ್ಟಿಗೆ ಮೂಗಿನ ಕೊಳವೆಯಿಂದ ಆಹಾರ. ನಾಲ್ಕು ವಾರದಿಂದ ತೂಕ ಏರುತ್ತಿತ್ತು. ಇವತ್ತೂ ಏರಿದ್ದರೆ ನಾಳೆ ಕೊಳವೆ ತೆಗೆಯೋಣ ಎಂದಿದ್ದರು ಡಾಕ್ಟರು. ಏರಿತ್ತು. ಆದರೆ ತೋಳಿನ ದಪ್ಪ ನೋಡಲು ಸುತ್ತುವ ಅಳತೆಪಟ್ಟಿ ಅಪಾಯದ ಕೆಂಪು ಗೆರೆ ಬಿಟ್ಟು ಕದಲಲೊಲ್ಲದು!

"ಸಂತೋಷದ ಸುದ್ದಿ ಅಲ್ವೇನಮ್ಮಾ? ಮುಖ ಯಾಕೆ ಹಿಂಡ್ಕೊಂಡಿದ್ದೀಯ?" ಎಂದಳು ಪುಟ್ಟಿಯ ಅಜ್ಜಿ, ಹೆಣಿಗೆ ನಿಲ್ಲಿಸದೆ.

"ಯಂತ್ರ ಒಂದು ಹೇಳುತ್ತೆ, ತೋಳು ಇನ್ನೊಂದು ಹೇಳುತ್ತೆ. ಯಾವುದನ್ನ ನಂಬ್ಲಿ?"

ಕಿಟಕಿಗೆ ಹೋದಳು, ಬಂದಳು, ಪಟ್ಟಿಯನ್ನು ಮತ್ತೆ ಸುತ್ತಿದಳು. ಆಹಾರದ ಪುಡಿಯ ಡಬ್ಬಿ, ಅಳತೆಯ ಚಮಚ ಎಲ್ಲ ಸರಿಯಿತ್ತು. ಹಾಳಾದ ಯಂತ್ರವೇ ಕೆಟ್ಟಿತೋ ಎಂದು ಒಂದು ಲೀಟರ್ ನೀರನ್ನು ತೂಗಿದಳು. ಅದೂ ಸರಿಯಾಗಿಯೇ ಇತ್ತು.

ಆಗ ಅಜ್ಜಿಯ ಮಡಿಲಿನ ಉಣ್ಣೆ ಕಣ್ಣಿಗೆ ಬಿತ್ತು.

"ಇದ್ಯಾರಿಗಜ್ಜಿ?"

"ಇನ್ಯಾರಿಗೆ, ಪುಟ್ಟಿಗೆ! ಅವಳು ಹಾಕ್ಕೊಂಡಿರೋ ಸ್ವೆಟರ್‌ಗೇ ಹೊಲಿಯೋ ಟೋಪಿ. ಕೂಸು ನಡುಗುತ್ತಲ್ಲ, ವಾರಕ್ಕೊಂದಿಷ್ಟು ಸೇರಿಸ್ತಾ ಇದ್ದೀನಿ. ಮೊದಲು ತೋಳು, ಆಮೇಲೆ ಕಾಲರು, ಹೋದ ವಾರ ಒಳಗೊಂದು ಪದರ."

ತಕ್ಕಡಿ ಅಕ್ಕ ಪುಟ್ಟಿಯ ಸ್ವೆಟರನ್ನು ಮುಟ್ಟಿ ನೋಡಿದಳು. ಕೋಣೆ ಥಂಡಿ ಎಂದು ಮಗುವನ್ನು ಸ್ವೆಟರಿನಲ್ಲೇ ತೂಗಿ, ಮೊದಲ ದಿನದ ಸ್ವೆಟರಿನ ತೂಕವನ್ನೇ ಪ್ರತಿವಾರ ಕಳೆಯುತ್ತಿದ್ದಳು. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂದು ಹೊಸ ನರ್ಸುಗಳಿಗೆ ಪಾಠ ಹೇಳುವವಳು ಇವಳೇ!

ಬಿಚ್ಚಿ ತೂಗಿದಳು. ಮೊದಲ ದಿನಕ್ಕಿಂತ ಐವತ್ತು ಗ್ರಾಂ ಕಡಿಮೆ.

ಅಜ್ಜಿಯ ಹೆಣಿಗೆ ನಿಂತಿತು. "ಅಯ್ಯೋ, ನಾನೇ ಕೂಸಿನ ಪ್ರಾಣಕ್ಕೆ..."

"ಸುಮ್ನಿರಿ! ಹೆಣೆಯೋದು ನಿಮ್ಮ ಕೆಲಸ, ಬಿಚ್ಚಿ ತೂಗೋದು ನನ್ನ ಕೆಲಸ. ನೀವು ನಿಮ್ಮದು ಮಾಡಿದ್ರಿ."

ಅವಳಿಗೆ ನಾಚಿಕೆಯೂ ಆಯಿತು, ಭಯವೂ ಆಯಿತು. ಆದರೂ ಫೋನ್ ಎತ್ತಿದಳು. "ಡಾಕ್ಟ್ರೇ, ಕೊಳವೆ ತೆಗೀಬೇಡಿ. ಇವತ್ತೇ ಬಂದು ಮಗು ನೋಡಿ. ನಾಲ್ಕು ವಾರದ ತೂಕ ಅಷ್ಟೂ ಸುಳ್ಳು. ಬರೆದವಳು ನಾನೇ."

ಅಜ್ಜಿ ಟೋಪಿಯ ಎಳೆ ಬಿಚ್ಚತೊಡಗಿದ್ದಳು. ತಕ್ಕಡಿ ಅಕ್ಕ ಅವಳ ಕೈ ಹಿಡಿದು, "ಬೇಡಜ್ಜಿ, ಮುಗಿಸಿ. ಚಳಿಯಂತೂ ಸುಳ್ಳಲ್ಲ" ಎಂದಳು. ಪುಟ್ಟಿಗೆ ಸ್ವೆಟರ್ ತೊಡಿಸಿ, ಮಡಿಲಲ್ಲಿ ಮಲಗಿಸಿಕೊಂಡು, ಡಾಕ್ಟರು ಬರುವವರೆಗೆ ಕೂತಳು.