ಸೀಮೆಸುಣ್ಣದಲ್ಲಿ ಬರೆದ ಹಡಗಿನ ಕೋಣೆ

ಹಡಗಿನ ಕೋಣೆಯ ಫೋಟೊ ನನ್ನ ಫೋನಿಗೆ ಬಂದಾಗ ನಾನು ಮೊದಲು ನೋಡಿದ್ದು ಅದರ ಅಂಚುಗಳನ್ನು. ಯಾರೋ ಅದನ್ನು ಕತ್ತರಿಸಿದ್ದರು. ಅಗಲವಾದ ಮಂಚ, ಮಂಚದ ಮೇಲೆ ಹಂಸದಂತೆ ಮಡಚಿಟ್ಟ ಟವೆಲ್ಲು, ಗಾಜಿನ ಬಾಗಿಲು, ಬಾಗಿಲಾಚೆ ಎರಡು ಕುರ್ಚಿಯ ಬಾಲ್ಕನಿ, ಅದರಾಚೆ ನೀಲಿ ನೀರು. ಪಕ್ಕದಲ್ಲಿ ಏನಿದೆ, ಮೇಲಿನ ಅಂತಸ್ತಿನಲ್ಲಿ ಏನಿದೆ ಎಂಬುದಕ್ಕೆ ಅಲ್ಲಿ ಜಾಗವೇ ಇರಲಿಲ್ಲ. ಕಳಿಸಿದವರು ಭಾವ. ಕೆಳಗೆ ಒಂದೇ ಸಾಲು ಬರೆದಿದ್ದರು: ನೋಡಿ ಹೇಳಮ್ಮ.

ಭಾವನ ಊರು ಮಡಕಶಿರ. ಹಿಪ್ಪುನೇರಳೆ ತೋಟವಿದೆ, ರೇಷ್ಮೆಹುಳ ಸಾಕುತ್ತಾರೆ. ಅವರ ಜೊತೆ ಶಾಲೆಗೆ ಹೋದ ಒಬ್ಬರು ಹಿಂದೂಪುರದಲ್ಲಿ ಪ್ರವಾಸ ಏರ್ಪಡಿಸುವ ಕೆಲಸ ಮಾಡುತ್ತಾರೆ. ಚೆನ್ನೈಯಿಂದ ಹೊರಟು ನಾಲ್ಕು ದಿನ ಸಮುದ್ರದಲ್ಲಿರುವ ಹಡಗೊಂದರ ವಿಷಯ ತಲೆಗೆ ತುಂಬಿದವರು ಅವರೇ. ಒಂದು ಬೆಳೆಯ ಗೂಡು ಮಾರುಕಟ್ಟೆಗೆ ಹೋಗಿ, ಹುಳದ ಮನೆ ತೊಳೆದು ಔಷಧಿ ಹೊಡೆದು, ಮುಂದಿನ ಮರಿಹುಳ ಬರುವವರೆಗೆ ಎಂಟು ಹತ್ತು ದಿನ ಬಿಡುವು ಸಿಗುತ್ತದೆ. ಹಡಗಿನ ದಿನಾಂಕ ಆ ಬಿಡುವಿಗೆ ಸರಿಯಾಗಿ ಕೂತಿತ್ತು. ಹೋಗುವವರು ನಾಲ್ಕು ಜನ: ಭಾವ, ನನ್ನ ಅಕ್ಕ, ನಾಲ್ಕು ವರ್ಷದ ಮಗಳು, ಇನ್ನೂ ವರ್ಷ ತುಂಬದ ಅವಳ ತಂಗಿ. ನಾನು ಹೋಗುವವಳಲ್ಲ. ರಾಯದುರ್ಗದ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ನಿಯಮಗಳ ಸಣ್ಣ ಅಕ್ಷರವನ್ನು ಕೊನೆಯವರೆಗೆ ಓದುವ ಅಭ್ಯಾಸವಿದೆ ಎಂಬ ಕಾರಣಕ್ಕೆ ಕೋಣೆ ಆರಿಸುವ ಕೆಲಸ ನನ್ನ ಪಾಲಿಗೆ ಬಂತು.

ಅದೇ ಮಧ್ಯಾಹ್ನ ಅಕ್ಕನ ಫೋನು ಬಂತು. ಧ್ವನಿ ಇಳಿಸಿ ಮಾತಾಡಿದಳು.

"ಬಾಲ್ಕನಿ ಬ್ಯಾಡ ಅಂತ ನೀನ ಹೇಳು. ನಾನು ಹೇಳಿದ್ದು ಅಂತ ಅವರಿಗೆ ಗೊತ್ತಾಗಬಾರದು."

ಕಾರಣ ನನಗೊಬ್ಬಳಿಗೇ ಗೊತ್ತಿತ್ತು. ಹಿಂದಿನ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಅಕ್ಕ ಸೊಪ್ಪು ತರಲು ಅಂಗಳಕ್ಕೆ ಬಂದು ಸುಮ್ಮನೆ ತಲೆ ಎತ್ತಿದಾಗ, ದೊಡ್ಡ ಮಗಳು ಮಹಡಿಯ ಕಟ್ಟೆಗೋಡೆಯ ಮೇಲೆ ನಿಂತಿದ್ದಳು. ಒಂದು ಖಾಲಿ ಬಕೆಟ್ಟನ್ನು ಬೋರಲು ಹಾಕಿ ಹತ್ತಿದ್ದಳು. ಕೋಟೆ ಬೆಟ್ಟದ ಕಡೆ ಮುಖ ಮಾಡಿ ಮೇಕೆ ಎಣಿಸುತ್ತಿದ್ದಳಂತೆ. ಕೂಗಿದರೆ ತಿರುಗಿಬಿಡುತ್ತಾಳೆಂದು ಅಕ್ಕ ಕೂಗಲಿಲ್ಲ. ಚಪ್ಪಲಿ ಬಿಟ್ಟು ಮೆಟ್ಟಿಲು ಹತ್ತಿ ಹಿಂದಿನಿಂದ ಹಿಡಿದಳು. ನನಗಲ್ಲದೆ ಬೇರೆ ಯಾರಿಗೂ ಹೇಳಲಿಲ್ಲ. ಅಂದಿನಿಂದ ಹಳೆಯ ಸೀರೆಯ ಅಂಚನ್ನು ಹರಿದು, ಒಂದು ತುದಿ ಮಗಳ ಕಾಲಿಗೆ, ಇನ್ನೊಂದು ತುದಿ ತನ್ನ ಕೈಗೆ ಕಟ್ಟಿಕೊಂಡು ಮಲಗುತ್ತಾಳೆ. ಮಲಗುತ್ತಾಳೆ ಎನ್ನುವುದು ಸರಿಯಲ್ಲ. ದಾರ ಅಲುಗಿದಾಗಲೆಲ್ಲ ಏಳುತ್ತಾಳೆ. ಭಾವನಿಗೆ ಅದು ತಮಾಷೆಯಾಗಿತ್ತು. "ಮೇಕೆ ಕಟ್ಟಿದಂಗೆ ಕಟ್ಟವ್ಳೆ ನೋಡಮ್ಮ ನಿಮ್ಮಕ್ಕ" ಎಂದು ನನ್ನೆದುರಿಗೇ ನಕ್ಕಿದ್ದರು. ಆ ನಗು ನನಗೆ ಹಿಡಿಸಿರಲಿಲ್ಲ.

ನಾನು ಏಳು ಪ್ರಶ್ನೆ ಬರೆದುಕೊಂಡು ಹಿಂದೂಪುರದವರಿಗೆ ಫೋನು ಮಾಡಿದೆ. ಅವರ ಮಾತು ಸಲೀಸಾಗಿತ್ತು; ಅಷ್ಟು ಸಲೀಸಾದ ಮಾತು ಕೇಳಿದರೆ ನನಗೆ ಎಚ್ಚರ ಹೆಚ್ಚುತ್ತದೆ. ಚಿಕ್ಕ ಮಕ್ಕಳಿದ್ದವರಿಗೆ ಬಾಲ್ಕನಿಯೇ ಒಳ್ಳೆಯದು, ಪಿಲ್ಲಲು ಖುಷಿ ಪಡ್ತಾರೆ ಎಂದು ತೆಲುಗು ಬೆರೆಸಿ ಹೇಳಿದರು. ಗಾಜಿನ ಬಾಗಿಲಿಗೆ ಚಿಲಕ ಎಲ್ಲಿರುತ್ತದೆ ಎಂದು ಕೇಳಿದೆ.

"ಬಾಗಿಲಿಗೇ ಮೇಡಂ."

ಎಷ್ಟು ಎತ್ತರದಲ್ಲಿ ಎಂದೆ. ಲಾಕ್ ಅಂತೂ ಇರುತ್ತದೆ ಎಂದರು. ಹೊರಗಿನ ಕುರ್ಚಿಗಳನ್ನು ನೆಲಕ್ಕೆ ಬಿಗಿದಿದ್ದಾರೆಯೇ ಎಂದೆ. ಸಮುದ್ರ ನೋಡಲು ಕುರ್ಚಿ ಬೇಕಲ್ಲವೇ ಎಂದರು. ನಾಲ್ಕನೆಯವರು ಮಲಗುವ ಹಾಸಿಗೆ ಚಾವಣಿಯಿಂದ ಇಳಿಯುತ್ತದಂತೆ, ಅಲ್ಲಿ ನಾಲ್ಕು ವರ್ಷದ ಮಗುವನ್ನು ಮಲಗಿಸಬಹುದೇ ಎಂದಾಗ, ಮಕ್ಕಳಿಗೆ ಅದೇ ಇಷ್ಟ ಎಂದರು. ಹಡಗಿನವರ ನಿಯಮದಲ್ಲಿ ಅಷ್ಟು ಸಣ್ಣವರಿಗೆ ಮೇಲಿನ ಹಾಸಿಗೆ ಕೊಡುವುದಿಲ್ಲವೆಂದು ನಾನು ಆಗಲೇ ಓದಿದ್ದೆ. ಅದನ್ನು ಹೇಳದೆ ಉತ್ತರವನ್ನಷ್ಟೇ ಬರೆದುಕೊಂಡೆ. ಬಾಲ್ಕನಿ ಬೇಡವಾದರೆ ಕಿಟಕಿಯಿಲ್ಲದ ಎರಡು ಒಳಕೋಣೆ ಕೊಡುತ್ತೇನೆ, ನಡುವೆ ಓಡಾಡುವ ದಾರಿ, ಎದುರುಬದುರು ಇರುತ್ತವೆ ಎಂದರು. ಅಂದರೆ ಒಂದು ಮಗು ಒಂದು ಬಾಗಿಲ ಹಿಂದೆ, ಇನ್ನೊಂದು ಇನ್ನೊಂದರ ಹಿಂದೆ.

ಬಾಲ್ಕನಿ ಬೇಡವೆಂದು ನಾನು ಭಾವನಿಗೆ ಬರೆದೆ. ಅವರು ಒಪ್ಪಲಿಲ್ಲ. ಗಾಳಿ ಬೇಕಲ್ಲಮ್ಮ ಎಂದಷ್ಟೇ ಉತ್ತರ ಬಂತು. ಅವರ ಫೋನಿನ ಸ್ಟೇಟಸ್‌ನಲ್ಲಿ ಆಗಲೇ ಒಂದು ಹಡಗು ನಿಂತಿತ್ತು. ಊರವರಿಗೆ ತೋರಿಸಲು ಬಾಲ್ಕನಿಯಲ್ಲಿ ಒಂದು ಫೋಟೊ ಬೇಕಾಗಿದೆ, ಗಾಳಿ ಎಂಬುದು ನೆವ ಎಂದು ನಾನು ತೀರ್ಮಾನಿಸಿದೆ.

ಮುಂದಿನ ಭಾನುವಾರ ಅವರೆಲ್ಲ ಪಾವಗಡದ ಮೇಲಿಂದ ಕಾರಿನಲ್ಲಿ ರಾಯದುರ್ಗಕ್ಕೆ ಬಂದರು. ನಮ್ಮ ತಂದೆ ಜೀನ್ಸ್ ಪ್ಯಾಂಟು ಕತ್ತರಿಸುವ ಮಾಸ್ತರು. ಮನೆಯ ಕೆಳಗಿನ ಉದ್ದನೆಯ ಹಾಲಿನಲ್ಲೇ ಅವರ ಕೆಲಸ. ಊಟವಾದ ಮೇಲೆ ಭಾವನೂ ನಾನೂ ಮರ್ಯಾದೆ ಮೀರದೆ ವಾದಿಸುತ್ತಿದ್ದುದನ್ನು ಅವರು ಸ್ವಲ್ಪ ಹೊತ್ತು ಕೇಳಿಸಿಕೊಂಡರು. ಆಮೇಲೆ ಎದ್ದು ಟೇಪು ಕೊರಳಿಗೆ ಹಾಕಿಕೊಂಡರು.

"ಕಾಗದದಾಗ ಎಲ್ಲಾ ಹಿಡಸ್ತೈತ್ರಿ" ಎಂದರು ಅಳಿಯನಿಗೆ. "ನೆಲದ ಮ್ಯಾಲೆ ಬರದು ನೋಡೂನು, ಬರ್ರಿ."

ಹಾಲಿನ ನೆಲ ಗುಡಿಸಿದೆವು. ನಾನು ಬಾಲ್ಕನಿ ಕೋಣೆಯ ಅಳತೆ ಓದಿದೆ: ಉದ್ದ ಹದಿನಾರು ಅಡಿ, ಅಗಲ ಒಂಬತ್ತೂವರೆ. ತಂದೆ ಸೀಮೆಸುಣ್ಣ ಹಿಡಿದವರು ಗೆರೆ ಎಳೆಯಲಿಲ್ಲ. ಹೇಳಿದ ಅಳತೆಗೇ ಅವರು ಯಾವ ಬಟ್ಟೆಯನ್ನೂ ಕತ್ತರಿಸುವವರಲ್ಲ. ಹೊಲಿದ ಜೀನ್ಸ್ ತೊಳೆಯಲು ಹೋಗಿ ಬಂದಾಗ ಎಷ್ಟು ಕುಗ್ಗುತ್ತದೆಂದು ಲೆಕ್ಕ ಹಿಡಿದೇ ಅವರ ಕತ್ತರಿ ಓಡುತ್ತದೆ.

"ಗಜಕ್ಕ ಒಂದಿಂಚು ಕಳೀರಿ" ಎಂದರು. "ನೀರಿಗೆ ಹೋಗೂದು ಕುಗ್ಗಲಾರದಂಗ ಇರಂಗಿಲ್ಲ."

"ಮಾವ, ಅದು ಹಡಗು. ಪ್ಯಾಂಟಲ್ಲ" ಎಂದರು ಭಾವ.

"ಹೌದ್ರಿ. ಪ್ಯಾಂಟಾಗಿದ್ರ ಬಿಚ್ಚಿ ಹೊಲಿತಿದ್ದೆ."

ಉದ್ದದಲ್ಲಿ ಐದಿಂಚು, ಅಗಲದಲ್ಲಿ ಮೂರಿಂಚು ಹೋಯಿತು. ನನಗೆ ಅದು ತಪ್ಪೆನಿಸಲಿಲ್ಲ. ಹೇಳಿದ ಅಳತೆಯನ್ನು ನಂಬದ ಬುದ್ಧಿ ನನಗೆ ಎಲ್ಲಿಂದ ಬಂತೆಂದು ನಾನು ಬೇರೆಡೆ ಹುಡುಕಬೇಕಾಗಿಲ್ಲ.

ಮಂಚಕ್ಕೆ ಒಂದು ಚೌಕ, ಬಚ್ಚಲಿಗೆ ಒಂದು ಚೌಕ, ಚಿಕ್ಕವಳ ತೊಟ್ಟಿಲಿಗೆ ಒಂದು. ಕಪಾಟು, ಬಾಗಿಲು ಒಳಕ್ಕೆ ತೆರೆಯುವ ಕಮಾನು. ಎಲ್ಲ ಬರೆದ ಮೇಲೆ ಬಾಗಿಲಿಗೂ ಮಂಚಕ್ಕೂ ನಡುವೆ ಉಳಿದದ್ದು ಒಂದು ಸಣ್ಣ ಪಟ್ಟಿ. ಕೋಣೆಯ ಆಚೆ ತುದಿಯಲ್ಲಿ ಬಾಲ್ಕನಿ. ಕಟಕಟೆ ಮೂರೂವರೆ ಅಡಿ ಎತ್ತರವೆಂದು ಇತ್ತು. ತಂದೆ ಡೆನಿಮ್ ಬಟ್ಟೆಯ ಸುರುಳಿಗಳನ್ನು ಒಂದರ ಮೇಲೊಂದು ಪೇರಿಸಿ ಅಷ್ಟೇ ಎತ್ತರ ಮಾಡಿದರು. ಕುರ್ಚಿಯ ಜಾಗದಲ್ಲಿ ಎರಡು ಸ್ಟೂಲು ಇಟ್ಟರು. ಅಕ್ಕ ಚಿಕ್ಕವಳನ್ನು ಎತ್ತಿಕೊಂಡು ಗೆರೆಯೊಳಗೆ ಕೂತಳು. ಭಾವ ಮಂಚದ ಚೌಕದಲ್ಲಿ ಉದ್ದಕ್ಕೆ ಮಲಗಿ, ಕಾಲು ಹಿಡಿಸುತ್ತದೆ ಎಂದು ತೃಪ್ತಿಯಿಂದ ಹೇಳಿದರು.

ಅವರು ಅದನ್ನು ಹೇಳುತ್ತಿರುವಾಗಲೇ ದೊಡ್ಡವಳು ಸ್ಟೂಲು ಎಳೆದಳು. ಯಾರೂ ಅವಳಿಗೆ ಏನನ್ನೂ ಹೇಳಿರಲಿಲ್ಲ. ಸದ್ದು ಕೇಳಿ ನಾವು ತಿರುಗುವಷ್ಟರಲ್ಲಿ ಅವಳು ಸುರುಳಿಗಳ ಮೇಲೆ ಹೊಟ್ಟೆ ಊರಿ, ತಲೆ ಆಚೆಗೆ ಇಳಿಬಿಟ್ಟು ನೇತಾಡುತ್ತಿದ್ದಳು. ಕಾಲು ಸ್ಟೂಲಿನಿಂದ ಬಿಟ್ಟಿತ್ತು. ಅಕ್ಕ ಈಗಲೂ ಕೂಗಲಿಲ್ಲ. ಚಿಕ್ಕವಳನ್ನು ನನ್ನ ಮಡಿಲಿಗೆ ಹಾಕಿ, ಬರಿಗಾಲಲ್ಲಿ ನಾಲ್ಕು ಹೆಜ್ಜೆ ನಡೆದು, ಮಗಳನ್ನು ಹಿಂದಿನಿಂದ ಹಿಡಿದಳು. ಒಮ್ಮೆ ಮಾಡಿ ಅಭ್ಯಾಸವಾದ ಕೆಲಸದಂತಿತ್ತು. ಭಾವ ಅದನ್ನು ಗಮನಿಸಿದರು.

"ಇದು ಮೊದಲ ಸಲ ಅಲ್ಲ, ಅಲ್ವಾ" ಎಂದರು.

ಅಕ್ಕ ಹೇಳಿದಳು. ಬಕೆಟ್ಟು, ಕಟ್ಟೆಗೋಡೆ, ಮೇಕೆ. ನನಗೆ ಹೇಳಿದ್ದಕ್ಕಿಂತ ಚಿಕ್ಕದಾಗಿ ಹೇಳಿದಳು. ಇಷ್ಟು ದಿನ ಯಾಕೆ ಮುಚ್ಚಿಟ್ಟೆ ಎಂದು ಭಾವ ಕೇಳಿದರು.

"ಹೇಳಿದ್ರ ಮಹಡಿ ಬಾಗಲಕ್ಕ ಒಂದು ಬೀಗ ಹಾಕಿ, ಆತು ಬಿಡು ಅಂತಿದ್ರಿ. ನಿಮಗ ಅಲ್ಲಿಗೆ ಮುಗೀತಿತ್ತು, ನನಗ ಮುಗೀತಿರಲಿಲ್ಲ."

ಭಾವ ಎದ್ದು ಸ್ಟೂಲನ್ನು ಗೋಡೆಯ ಕಡೆಗೆ ಸರಿಸಿದರು. ಆಮೇಲೆ ಅಕ್ಕನಿಗಲ್ಲ, ನಮ್ಮ ತಂದೆಗೆ ಹೇಳಿದರು. "ನಾನು ಬಾಲ್ಕನಿ ಕೇಳಿದ್ದು ಇವಳಿಗೇ, ಮಾವ. ಎರಡನೆ ಬಾಣಂತನ ಆದ್ಮೇಲೆ ಮುಚ್ಚಿದ ಕಡೆ ಇವಳಿಗೆ ಉಸಿರು ಕಟ್ತೈತೆ. ಬಚ್ಚಲು ಬಾಗ್ಲು ಹಾಕ್ಕಣಲ್ಲ. ಹುಳದ ಮನೆ ಪರದೆ ಇಳಿಸಿದ್ರೆ ಒಳಕ್ಕೆ ಬರಲ್ಲ. ಕಿಟಕಿ ಇಲ್ದಿರೋ ರೂಮಲ್ಲಿ ನಾಕು ದಿನ ಹೆಂಗಿರ್ತಾಳೆ?"

ಇದು ನನಗೆ ಗೊತ್ತಿರಲಿಲ್ಲ. ಅಕ್ಕನ ವಿಷಯ ಎಲ್ಲವೂ ನನಗೆ ಮೊದಲು ಗೊತ್ತಾಗುತ್ತದೆ ಎಂದು ತಿಳಿದಿದ್ದೆ. ಆದರೂ ಒಪ್ಪಿಕೊಳ್ಳುತ್ತೇನೆ, ಭಾವ ಈ ಮಾತನ್ನು ಆ ಹೊತ್ತಿಗೆ ಹೊಂದಿಸಿ ಹೇಳುತ್ತಿರಬಹುದೆಂಬ ಅನುಮಾನವೂ ಅದೇ ಕ್ಷಣ ಬಂತು. ಅಕ್ಕನ ಮುಖ ನೋಡಿದೆ. ಅವಳು ಅಲ್ಲಗಳೆಯಲಿಲ್ಲ, ನೆಲದ ಗೆರೆಯನ್ನು ಬೆರಳಿನಿಂದ ಉಜ್ಜುತ್ತಿದ್ದಳು.

ಅಂದು ಸಂಜೆ ನಾನು ಹಡಗಿನವರದೇ ಪುಟ ತೆರೆದು ಮೊದಲಿಂದ ಓದಿದೆ. ಅಲ್ಲಿ ಮೂರನೆಯ ಬಗೆಯ ಕೋಣೆಯೊಂದಿತ್ತು. ಅದರಲ್ಲಿ ದೊಡ್ಡ ಕಿಟಕಿ, ದಪ್ಪ ಗಾಜು, ತೆರೆಯಲು ಬರುವುದಿಲ್ಲ. ಬೆಳಕು ಬರುತ್ತದೆ, ನೀರು ಕಾಣುತ್ತದೆ, ಮಗು ಹತ್ತಿ ಕೂತರೂ ಆಚೆ ಹೋಗಲಾರದು. ಗಾಳಿ ಹೊರಗಿನದಲ್ಲ ನಿಜ, ಆದರೆ ಅಕ್ಕನಿಗೆ ಬೇಕಾದದ್ದು ಗಾಳಿಗಿಂತ ಆಚೆಯೊಂದು ಕಾಣುವುದು ಎಂದು ಅವಳನ್ನೇ ಕೇಳಿ ತಿಳಿದುಕೊಂಡೆ. ಇದನ್ನು ಯಾಕೆ ಹೇಳಲಿಲ್ಲವೆಂದು ಹಿಂದೂಪುರದವರನ್ನು ಕೇಳಿದೆ. ಅದನ್ನು ಯಾರೂ ಕೇಳುವುದಿಲ್ಲ ಎಂದರು.

ಮರುದಿನ ಒಂದು ಕೋಣೆಯ ಸಂಖ್ಯೆ ಕಳಿಸಿದರು, ಜೊತೆಗೆ ಕಿಟಕಿಯ ತುಂಬ ಸಮುದ್ರವಿರುವ ಫೋಟೊ. ಈ ಫೋಟೊದ ಅಂಚುಗಳನ್ನೂ ಕತ್ತರಿಸಿದ್ದರು. ನಾನು ಆ ಅಂತಸ್ತಿನ ಪೂರ್ತಿ ನಕ್ಷೆ ಹುಡುಕಿ ತೆಗೆದೆ. ಆ ಸಂಖ್ಯೆಯ ಪಕ್ಕದಲ್ಲಿ ಸಾಸಿವೆಯಷ್ಟು ಒಂದು ಗುರುತಿತ್ತು. ಪುಟದ ಕೆಳಗೆ ಅದರ ಅರ್ಥ: ಕಿಟಕಿಯ ಮುಂದೆ ಜೀವರಕ್ಷಕ ದೋಣಿ ತೂಗುಹಾಕಿದೆ. ಫೋಟೊ ಬೇರೆ ಯಾವುದೋ ಕೋಣೆಯದು. ಫೋನು ಮಾಡಿ ಹೇಳಿದೆ.

"ಪರ್ವಾಲೇದು, ಏನೂ ಆಗಲ್ಲ ಮೇಡಂ" ಎಂದರು. "ದೋಣಿ ಹತ್ತಿರ ಇದ್ರೆ ಒಳ್ಳೇದೇ ಅಲ್ವಾ."

ಕೋಣೆ ಬದಲಾಯಿತು. ಕೆಳಗಿನ ಅಂತಸ್ತು, ಹಡಗಿನ ನಡುಭಾಗ. ಮೇಲೂ ಕೋಣೆ, ಕೆಳಗೂ ಕೋಣೆ, ತಲೆಯ ಮೇಲೆ ಕುಣಿಯುವವರಿಲ್ಲ. ಹಳೆಯ ಗೆರೆ ಒರೆಸಿ ತಂದೆಯೂ ನಾನೂ ಹೊಸ ಕೋಣೆಯನ್ನು ಬರೆದೆವು, ಗಜಕ್ಕೆ ಒಂದಿಂಚು ಕಳೆದು. ಯಾರು ಎಲ್ಲಿ ಮಲಗಬೇಕೆಂದು ನಾನು ಗುರುತು ಹಾಕಿದೆ: ಅಕ್ಕ, ದೊಡ್ಡವಳು ಮಂಚದ ಮೇಲೆ, ಚಿಕ್ಕವಳು ತೊಟ್ಟಿಲಲ್ಲಿ, ಭಾವ ಚಾವಣಿಯಿಂದ ಇಳಿಯುವ ಹಾಸಿಗೆಯಲ್ಲಿ. ಅವರು ಹೊರಡುವ ಮುನ್ನ, ಬಾಗಿಲ ಹಿಡಿಗೆ ಸ್ಟೀಲ್ ಲೋಟ ತಗುಲಿಹಾಕು, ಯಾರಾದರೂ ಮುಟ್ಟಿದರೆ ಬಿದ್ದು ಸದ್ದಾಗುತ್ತದೆ ಎಂದು ಅಕ್ಕನಿಗೆ ಹೇಳಿ, ಒಂದು ಲೋಟವನ್ನೂ ಕೊಟ್ಟೆ. ಸೀರೆಯ ಅಂಚಿನ ವಿಷಯ ನಾನು ಎತ್ತಲಿಲ್ಲ. ಅವಳ ಚೀಲದಲ್ಲಿ ಅದು ಇದ್ದುದನ್ನು ನೋಡಿದ್ದೆ.

ಹಡಗು ಹೊರಟ ಮರುದಿನ ಬೆಳಿಗ್ಗೆ ಅಕ್ಕ ವಿಡಿಯೊ ಕಾಲ್ ಮಾಡಿದಳು. ಮುಖ ಆಗಾಗ ಚೌಕಚೌಕವಾಗಿ ಒಡೆಯುತ್ತಿತ್ತು. ಚೆನ್ನಾಗಿ ನಿದ್ದೆ ಬಂತು ಎಂದಳು. ನಾನು ನಂಬಲಿಲ್ಲ. ನನ್ನ ಶ್ರಮಕ್ಕೆ ಬೆಲೆ ಕೊಡಲು ಅವಳು ಹಾಗೆ ಹೇಳುವವಳೇ. ದೊಡ್ಡವಳಿಗೆ ಫೋನು ಕೊಡು ಎಂದೆ.

"ಅಮ್ಮ ಕಾಲಿಗೆ ದಾರ ಕಟ್ಟಿದ್ಲೇನೆ?"

"ಕಟ್ಟಿದ್ಲು ಚಿಕ್ಕಮ್ಮ. ನಾನು ಬಿಚ್ಚಾಕ್ದೆ. ಅಮ್ಮ ಏಳ್ಲೇ ಇಲ್ಲ."

ಆಮೇಲೆ ಏನು ಮಾಡಿದೆ ಎಂದು ಕೇಳಿದೆ. ಕಿಟಕಿ ಹತ್ತಿ ಕೂತಳಂತೆ. ಬೆಳಕಾಗುತ್ತಿತ್ತಂತೆ, ಬರೀ ನೀರಂತೆ, ಒಂದೂ ಮೇಕೆ ಇಲ್ಲವಂತೆ. ಬಾಗಿಲ ಹತ್ತಿರ ಹೋದೆಯಾ ಎಂದೆ.

"ಹೋಗಕ್ಕೆ ಎಲ್ಲೈತೆ ಜಾಗ? ಅಪ್ಪ ಅಲ್ಲೇ ಅಡ್ಡ ಮಲಗಿತ್ತು."

ಅಪ್ಪ ಮೇಲಿನ ಹಾಸಿಗೆಯಲ್ಲಿ ಅಲ್ಲವೇ ಎಂದೆ. ಮೇಲೆ ಲೋಟ ಮಲಗಿತ್ತು ಎಂದು ನಕ್ಕಳು. ಅಷ್ಟರಲ್ಲಿ ಸಂಪರ್ಕ ಹೋಯಿತು.

ಕೆಳಗೆ ಹಾಲಿನಲ್ಲಿ ಇನ್ನೂ ಕೆಲಸ ಶುರುವಾಗಿರಲಿಲ್ಲ. ಮೇಜಿನ ಪಕ್ಕದ ನೆಲದಲ್ಲಿ ಗೆರೆಗಳು ಮಾಸಿದ್ದರೂ ಕಾಣುತ್ತಿದ್ದವು. ಟೇಪು ತೆಗೆದುಕೊಂಡು ಬಾಗಿಲಿಗೂ ಮಂಚಕ್ಕೂ ನಡುವಿನ ಪಟ್ಟಿಯನ್ನು ಅಳೆದೆ. ನಾನು ಅಲ್ಲಿ ಯಾರ ಗುರುತನ್ನೂ ಹಾಕಿರಲಿಲ್ಲ. ಉದ್ದ ನಾಲ್ಕು ಅಡಿ ಎರಡು ಇಂಚು. ಕುಗ್ಗಿದ್ದನ್ನು ಸೇರಿಸಿದರೂ ಭಾವನಷ್ಟು ಎತ್ತರದವರು ಅಲ್ಲಿ ಮಲಗಬೇಕೆಂದರೆ ಮಂಡಿಯನ್ನು ಎದೆಯವರೆಗೆ ಮಡಚಿಕೊಳ್ಳಬೇಕು.